ಎಂಟು ಸಾವಿರದ ಕೌದಿ

ರೇಟು ಹೇಳಿ ಹೊಟ್ಟೆ ಹೊರೆಯುವವರ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ಗಿರಾಕಿಗಳೇ ವಾರಕ್ಕೊಂದು ಪ್ರಸಂಗ ತಂದು ಹೊಸ್ತಿಲೊಳಗೆ ಇಟ್ಟು ಹೋಗುತ್ತಾರೆ. ಅತ್ತುಬಿಡಬೇಕು ಅನ್ನಿಸಿದ ದಿನವೂ ಒಬ್ಬರಾದರೂ ಬಂದು ನಗಿಸಿಯೇ ಹೋಗುತ್ತಾರೆ.

ನಮ್ಮದು ಬೆಟಗೇರಿ. ಮನೆಯ ಪಡಸಾಲೆಯೇ ಅಂಗಡಿ. ಒಂದು ಗೋಡೆಗೆ ಓಣಿಯ ನೇಕಾರರು ನೇಯ್ದ ಸೀರೆ, ಇನ್ನೊಂದು ಗೋಡೆಗೆ ನಾವು ಹೊಲಿದ ಕೌದಿ. ಸೀರೆಯ ರೇಟು ಕೇಳಿದವರು ಹೆಚ್ಚೆಂದರೆ ಇನ್ನೂರು ರೂಪಾಯಿ ಕಡಿಮೆ ಮಾಡಿ ಎನ್ನುತ್ತಾರೆ. ಕೌದಿಯ ರೇಟು ಕೇಳಿದವರು ಮಾತ್ರ ಒಮ್ಮೆ ಕೌದಿ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ. ಅವರದೂ ತಪ್ಪಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ತುದಿಯಿಂದ ತುದಿಗೆ ಕೈಯಲ್ಲಿ ಹೊಲಿದ ಹೊದಿಕೆ ಅದು. ಎಲ್ಲರ ಮನೆಯಲ್ಲೂ ಅವರವರ ಅಜ್ಜಿ ಹೊಲಿದು ಹೊದಿಸಿದ್ದೇ. ಪುಕ್ಕಟೆ ಹೊದ್ದು ಬೆಳೆದದ್ದಕ್ಕೆ ಈಗ ದುಡ್ಡು ಕೊಡು ಎಂದರೆ ಯಾರಿಗಾದರೂ ಮುಖ ಕೆಡುತ್ತದೆ.

ಅಂಗಡಿಯ ಒಡತಿ ನಾನಲ್ಲ, ನಮ್ಮ ಅತ್ತೆ. ವಯಸ್ಸು ಎಪ್ಪತ್ತು ದಾಟಿದೆ, ಕಣ್ಣು ಇನ್ನೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಅದೊಂದು ವರ್ಷ ದಸರೆ ಮುಗಿದ ಮೇಲೆ ಅವರು ಒಂದು ಕೌದಿ ಹಿಡಿದು ಕೂತರು. ಐದು ತಿಂಗಳು ಅದನ್ನೇ ಹೊಲಿದರು. ಹೊಲಿಗೆ ಎಷ್ಟು ಸಣ್ಣದೆಂದರೆ ನಮ್ಮ ಮನೆಯವರು ಕನ್ನಡಕ ಹಾಕಿಕೊಂಡೂ ಹುಡುಕಬೇಕಾಯಿತು. ಮುಗಿದ ದಿನ ಅದನ್ನು ಗೋಡೆಗೆ ತೂಗುಹಾಕಿಸಿ ಹೇಳಿದರು:

“ಎಂಟು ಸಾವ್ರ. ಒಂದ ರೂಪಾಯಿ ಕಡಿಮಿ ಇಲ್ಲ. ದೀಪಾವಳಿ ಪಾಡ್ಯಾದೊಳಗ ಹೊದಿಯಾಕಂತ ಯಾರರೆ ಒಯ್ದ್ರ ಚಲೋ. ಇಲ್ಲಂದ್ರ ನನ್ನ ಕೈಕೆಲಸಕ್ಕ ಕಿಮ್ಮತ್ತಿಲ್ಲಂತ ತಿಳಕೊಂಡು ಸೂಜಿ ಡಬ್ಬಿ ಮುಚ್ಚಿಬಿಡ್ತೀನಿ.”

ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ, ಅತ್ತೆ ಹೇಳಿದ್ದನ್ನು ಮಾಡುವವರು. ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಕೈ ಮುರಿದಾಗ ಎರಡು ತಿಂಗಳು ಸೂಜಿ ಹಿಡಿಯಲಾಗದೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಊಟ ಸೇರುತ್ತಿರಲಿಲ್ಲ, ಮಾತು ಬೇಡವಾಗಿತ್ತು. ಅದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ ಎನ್ನುತ್ತದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ, ಬೇರೆ ಕೆಲಸವಿಲ್ಲದೆ, ನನ್ನ ಅಡುಗೆಮನೆಗೆ ಬಂದು ಕೂತು ಸಾರಿಗೆ ಎಷ್ಟು ಉಪ್ಪು ಎಂದು ಹೇಳಿಕೊಡತೊಡಗಿದ್ದರು. ಅದನ್ನು ನೆನೆದರೆ ಇನ್ನೂ ಜೋರಾಗಿ ಝಲ್ ಎನ್ನುತ್ತದೆ. ಹೇಗೆ ನೋಡಿದರೂ ಆ ಕೌದಿ ಮಾರಾಟವಾಗಲೇಬೇಕಿತ್ತು.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಾವು ಕೌದಿಯ ನಾಲ್ಕನೆಯ ಮೂಲೆಯನ್ನು ಹೊಲಿಯದೆ ಬಿಟ್ಟಿರುತ್ತೇವೆ. ಒಯ್ಯುವವರು ತಮ್ಮ ಮನೆಯಿಂದ ಒಂದು ಚೂರು ಚಪಾತಿಯನ್ನೋ ಹೋಳಿಗೆಯನ್ನೋ ತರಬೇಕು, ಅದನ್ನು ಒಳಗಿಟ್ಟು ಮೂಲೆ ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬುದು ಅತ್ತೆಯ ನಂಬಿಕೆ. ಹೊಸಬರು ಆ ಮೂಲೆ ಹಿಡಿದು, “ಇಲ್ಲಿ ಹರದೈತ್ರಿ, ಡಿಸ್ಕೌಂಟ್ ಕೊಡ್ರಿ” ಎನ್ನುವುದು ದಿನದ ಮಾತು.

ಅರಿವಿ ನಮ್ಮದು

ಲಕ್ಷ್ಮೇಶ್ವರದ ಕಿರಾಣಿ ವ್ಯಾಪಾರಿಯೊಬ್ಬರ ಹೆಂಡತಿ ಎರಡು ಚೀಲ ತುಂಬ ಹಳೆಯ ಸೀರೆ ತಂದರು. ಆ ಬಟ್ಟೆಯಿಂದಲೇ ಕೌದಿ ಹೊಲಿದು ಕೊಡಬೇಕು. ನಾನು ಕೂಲಿ ಎರಡೂವರೆ ಸಾವಿರ ಎಂದೆ.

“ಅಲ್ರಿ, ಅರಿವಿ ನಮ್ಮದು! ಮತ್ತ ಎರಡೂವರಿ ಸಾವ್ರ ಯಾತಕ್ಕ? ದಾರಕ್ಕೇನು?”

ಮೂಲೆಯಲ್ಲಿ ಕೂತಿದ್ದ ಅತ್ತೆ ತಲೆ ಎತ್ತಲಿಲ್ಲ. “ದಾರಕ್ಕ ರೊಕ್ಕ ಬ್ಯಾಡ ತಂಗಿ. ದಾರ ಪುಕ್ಕಟೆ, ಸೂಜೀನೂ ಪುಕ್ಕಟೆ. ತಗೊಂಡು ಹೋಗಿ ಹೊಲಕೋ” ಎಂದು ಒಂದು ಉಂಡೆ ದಾರ, ಒಂದು ಸೂಜಿ ಮುಂದೆ ಇಟ್ಟರು.

ಸಿಟ್ಟು ಮಾಡಿಕೊಂಡು ಹೋಗುತ್ತಾರೆ ಅಂದುಕೊಂಡೆ. ಇಲ್ಲ, ಹಿಗ್ಗಿ ಹೀರೇಕಾಯಿಯಾದರು. ಪದರು ಹೇಗೆ ಹಾಸಬೇಕು ಎಂದು ಅರ್ಧ ತಾಸು ಕೂತು ಕೇಳಿಕೊಂಡು, ಎರಡೂವರೆ ಸಾವಿರ ಉಳಿಸಿದ ಸಂತೋಷದಲ್ಲಿ ಬಸ್ ಹತ್ತಿದರು.

ಮೂರು ವಾರದ ಮೇಲೆ ಬಂದರು. ಬಲಗೈಯ ಮೂರು ಬೆರಳಿಗೆ ಪಟ್ಟಿ. ಚೀಲದಿಂದ ಹೊರಬಂದದ್ದು ಅತ್ತ ಕೌದಿಯೂ ಅಲ್ಲ, ಇತ್ತ ಟವೆಲ್ಲೂ ಅಲ್ಲ. ಕೂಸಿಗೆ ಹೊದಿಸಿದರೆ ಮೊಣಕಾಲಿನವರೆಗೆ ಬಂದೀತು. “ಇಷ್ಟ ಆಗೈತ್ರಿ. ಬೆನ್ನು ಹೋತು, ಕಣ್ಣು ಹೋತು. ಎರಡ ದಿವಸ ಮನ್ಯಾಗ ರೊಟ್ಟಿ ಬಡದಿಲ್ಲ” ಎಂದರು. ಅತ್ತೆ ಅದನ್ನು ಮರ್ಯಾದೆಯಿಂದ ತಿರುವಿ ನೋಡಿ, “ಚಲೋ ಹೊಲದೀಯವಾ” ಎಂದರು. ಉಳಿದ ಸೀರೆಯನ್ನೆಲ್ಲ ನಮಗೇ ಒಪ್ಪಿಸಿ, ಚಕಾರ ಎತ್ತದೆ ಎರಡೂವರೆ ಸಾವಿರ ಎಣಿಸಿಟ್ಟರು.

ಹೊರಡುವಾಗ ನಾನು ಸುಮ್ಮನಿರಲಾರದೆ, “ಆ ಸಣ್ಣದನ್ನ ನಮ್ಮ ಅಂಗಡ್ಯಾಗ ಹಾಕೂಣೇನ್ರಿ? ಮಾರಿ ಕೊಡ್ತೀವಿ. ಎಷ್ಟ ಹೇಳೂಣು?” ಎಂದೆ.

ಅದನ್ನು ಎದೆಗೆ ಅವಚಿಕೊಂಡರು. “ನಾಕ ಸಾವ್ರಕ್ಕ ಕಡಿಮಿ ಕೊಡಬ್ಯಾಡ್ರಿ. ಮತ್ತ ಅರಿವೀದು ಬ್ಯಾರೆ.”

ತಕ್ಕಡಿ

ಕೊರ್ಲಹಳ್ಳಿಯಿಂದ ಉಳ್ಳಾಗಡ್ಡಿ ಬೆಳೆಯುವ ರೈತರೊಬ್ಬರು ಬಂದರು. ಅಂದು ಗದಗಿನಲ್ಲಿ ಮಾಲಿಗೆ ಒಳ್ಳೆಯ ದರ ಸಿಕ್ಕಿತ್ತು. ಹೊಳೆಯ ದಂಡೆಯ ಊರು, ಥಂಡಿ ಜಾಸ್ತಿ, ಕೌದಿ ಬೇಕು ಎಂದರು.

ಬಣ್ಣ ನೋಡಲಿಲ್ಲ, ಹೊಲಿಗೆ ನೋಡಲಿಲ್ಲ. ಒಂದೊಂದನ್ನೇ ಎರಡೂ ಕೈಯಲ್ಲಿ ಎತ್ತಿ, “ಇದು ಮೂರು ಕಿಲೋ... ಇದು ಎರಡೂವರಿ...” ಎನ್ನುತ್ತ ಹೋದರು. ಅತ್ತೆಯ ಕೌದಿಯನ್ನೂ ಇಳಿಸಿಕೊಟ್ಟೆ. ಎತ್ತಿದರು. ಮತ್ತೊಮ್ಮೆ ಎತ್ತಿದರು.

“ಇದಕ್ಕ ಎಷ್ಟು?”

“ಎಂಟು ಸಾವ್ರರಿ.”

“ಏನವಾ, ಎರಡ ಕಿಲೋ ಸೈತ ಇಲ್ಲಲ್ಲ ಇದು!”

ಕೊನೆಗೆ ಹಳೆಯ ದಪ್ಪ ಚಾದರಗಳಿಂದ ಅವಸರಕ್ಕೆ ಹೊಲಿದಿದ್ದ ಒಂದನ್ನು ಹುಡುಕಿ ತೆಗೆದರು. ಅದರ ರೇಟು ಹನ್ನೆರಡು ನೂರು. ಚೌಕಾಸಿ ಮಾಡದೆ ಕೊಟ್ಟು, ಹೆಗಲ ಮೇಲೆ ಹಾಕಿಕೊಂಡು ಹೊರಟವರು ಅರ್ಧ ಓಣಿಯಿಂದ ವಾಪಸ್ ಬಂದರು. ಮುಖದಲ್ಲಿ ಏನೋ ಸಂಕಟ.

“ತಂಗೀ, ನಿಮಗ ವ್ಯಾಪಾರ ತಿಳಿಯಂಗಿಲ್ಲ. ನಾಕ ಕಿಲೋದ್ದು ಹನ್ನೆರಡನೂರಕ್ಕ ಕೊಟ್ರಿ. ನಾ ಏನೋ ದೇವರಿಗೆ ಅಂಜಿ ಹೇಳಾಕತ್ತೀನಿ, ಎಲ್ಲಾರೂ ಹಿಂಗ ಹೇಳಂಗಿಲ್ಲ.”

ಆಯಿತು ಎಂದು ಕೈ ಮುಗಿದೆ. ಮುಂದಿನ ವಾರ ಬಸ್ಸಿನ ಕಂಡಕ್ಟರ್ ಒಂದು ಗಂಟು ತಂದುಕೊಟ್ಟ. ಬಿಚ್ಚಿದರೆ ಹಳೆಯ ತಕ್ಕಡಿ, ಕಲ್ಲುಗಳ ಸಮೇತ. ಜೊತೆಗೆ ಚೀಟಿ: “ಮೊದಲ ಆ ಎಂಟು ಸಾವ್ರದ್ದನ್ನ ತೂಗ್ರಿ.”

ಸೊಟ್ಟ ಹೊಲಿಗೆ

ಇದು ಒಂದೇ ದಿನದಲ್ಲಿ ನಡೆದದ್ದು. ಮುಂಜಾನೆ ಮುಂಡರಗಿಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಸಾಹೇಬರೊಬ್ಬರು ಬಂದರು. ಅತ್ತೆ ಹೊಲಿದ ಒಂದು ಕೌದಿ ಹಿಡಿದು, ಮೊಬೈಲಿನಲ್ಲಿ ಕಾರ್ಖಾನೆಯ ರಜಾಯಿ ತೋರಿಸಿ, “ನೋಡ್ರಿ, ಪಟ್ಟಿ ಇಟ್ಟು ಗೆರಿ ಎಳದಂಗ ಐತಿ ಹೊಲಿಗಿ. ಒಂಬತ್ತನೂರು ರೂಪಾಯಿ. ನಿಮ್ಮದು ಅಲ್ಲಲ್ಲಿ ಸೊಟ್ಟ ಐತಿ. ಸೊಟ್ಟಕ್ಕ ಐದನೂರು ಕಡಿಮಿ ಮಾಡ್ರಿ” ಎಂದರು.

ಅತ್ತೆಯ ಹೊಲಿಗೆಗೆ ಸೊಟ್ಟ ಎಂದವರು ಅವರೇ ಮೊದಲು. ಅತ್ತೆ ಕನ್ನಡಕ ತೆಗೆದು ಅವರನ್ನು ಮೇಲಿಂದ ಕೆಳಗೆ ನೋಡಿದರು. “ಆ ಮಷೀನಿಗೆ ಹೇಳ್ರಿ ಸರ, ಮೊಮ್ಮಕ್ಕಳು ಬೆನ್ನ ಮ್ಯಾಲೆ ಏರಿ ಕುಂತಾಗ ಒಂದ ಗೆರಿ ಹೊಲದು ತೋರಸಂತ.” ಸಾಹೇಬರು ಆಮೇಲೆ ಬರ್ತೀನಿ ಎಂದು ಹೋದರು.

ಮಧ್ಯಾಹ್ನ ಗುಡಿ ನೋಡಲು ಬಂದ ಬೆಂಗಳೂರಿನ ಮೇಡಂ ಒಬ್ಬರು ಕಾರು ನಿಲ್ಲಿಸಿದರು. ಅದೇ ಕೌದಿಯ ಮೇಲೆ ಕೈಯಾಡಿಸಿ ಮೂಗು ಮುರಿದರು. “ತುಂಬಾ ನೀಟಾಗಿದೆ ಕಣ್ರೀ, ಮಿಷಿನ್ ಥರ ಕಾಣತ್ತೆ. ಸ್ವಲ್ಪ ಸೊಟ್ಟಪಟ್ಟ ಇರೋದು ಇಲ್ವಾ? ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗ್ಬೇಕು.”

ನನಗೆ ಥಟ್ಟನೆ ನೆನಪಾಯಿತು. ನಾನು ಮದುವೆಯಾಗಿ ಬಂದ ವರ್ಷ ಹೊಲಿದ ಕೌದಿಯೊಂದಿತ್ತು. ಅದನ್ನು ಯಾರ ಕಣ್ಣಿಗೂ ಬೀಳದಂತೆ ಅತ್ತೆ ಒಳಕೋಣೆಯ ಜೋಳದ ಚೀಲದ ಮೇಲೆ ಹಾಕಿದ್ದರು. ಹೋಗಿ ಝಾಡಿಸಿ ತಂದೆ. ಹೊಲಿಗೆ ಒಂದು ಕಡೆ ಹೊರಟು ಇನ್ನೊಂದು ಕಡೆ ಮುಟ್ಟಿತ್ತು, ನಡುವೆ ಎರಡು ಸಲ ಹಾದಿ ತಪ್ಪಿತ್ತು. ಮೇಡಂ ಚಪ್ಪಾಳೆ ತಟ್ಟಿದರು. “ಇದೇ! ಎಷ್ಟು ಜೀವಂತವಾಗಿದೆ!” ಬಾಯಿಗೆ ಬಂದಂತೆ ಮೂರು ಸಾವಿರ ಎಂದೆ. ಕೊಟ್ಟೇಬಿಟ್ಟರು.

ಎರಡು ದಿನ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಾವಾಗಿಯೇ ಕೇಳಿದರು. “ಅಂಥಾದ್ದ ಇನ್ನೊಂದು ಹೊಲಿತೀಯೇನು?”

“ಹೊಲಿತೀನ್ರಿ ಅತ್ತಿ, ಅದೇನು ದೊಡ್ಡದು?”

ಇಡೀ ಮಧ್ಯಾಹ್ನ ಕೂತು ನಾಲ್ಕು ಗೆರೆ ಹೊಲಿದೆ. ಅತ್ತೆ ಕೈಗೆ ತೆಗೆದುಕೊಂಡು ನೋಡಿ ನಿಟ್ಟುಸಿರು ಬಿಟ್ಟರು. “ಆಗೂದಿಲ್ಲ ಬಿಡು. ಇಪ್ಪತ್ತು ವರ್ಷ ಕಲಿಸಿ ಕಲಿಸಿ ನಾನಾ ನಿನ್ನ ಕೈ ಕೆಡಿಸಿಬಿಟ್ಟೀನಿ.”

ಖರೆ ರೇಟು

ಶಿರಹಟ್ಟಿಯ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಮುಂಡರಗಿಯ ಬೀಗರ ಹೊಸ ಮನೆಯ ಒಕ್ಕಲಿಗೆ ಉಡುಗೊರೆ ಬೇಕಾಗಿತ್ತು. ಎರಡೂವರೆ ಸಾವಿರದ ಕೌದಿ ಹಿಡಿದರು. ಬಟ್ಟೆ ಹಳೆಯದು, ಬಣ್ಣ ಹೋಗುತ್ತದೆ, ಈಗ ಇದನ್ನು ಯಾರು ಹೊದೆಯುತ್ತಾರೆ, ತಮ್ಮ ಪಿಂಚಣಿ ಎಷ್ಟು, ಎಲ್ಲ ಹೇಳಿ ಎರಡು ಕಪ್ ಚಹಾ ಮುಗಿಯುವುದರೊಳಗೆ ಹದಿನೆಂಟು ನೂರಕ್ಕೆ ಇಳಿಸಿದರು. ಮನೆಯಿಂದ ಚಪಾತಿಯನ್ನೂ ತಂದಿದ್ದರು. ಅತ್ತೆ ಮೂಲೆ ತುಂಬಿ ಹೊಲಿದುಕೊಟ್ಟರು.

“ಒಂದು ರೇಟಿನ ಚೀಟಿ ಹಚ್ಚಿಬಿಡ್ರಿ” ಎಂದರು. ಹದಿನೆಂಟು ನೂರು ಎಂದು ಬರೆದೆ. ಮಾಸ್ತರರು ಗಾಬರಿಯಾದರು.

“ಏನ್ರಿ ಇದು! ನಾಕೂವರಿ ಸಾವ್ರ ಅಂತ ಬರೀರಿ.”

“ಸರ, ಅದು ಖರೆ ಅಲ್ಲಲ್ರಿ.”

“ಖರೆ ಅಂದ್ರ ಅದು ನಾಕೂವರಿದ್ದ ಐತ್ರಿ. ಚೌಕಾಸಿ ಮಾಡೂ ಮುಂದ ನಾ ಸುಳ್ಳ ಹೇಳಿದ್ದೆ.”

ಜೀವಮಾನವೆಲ್ಲ ಪಾಠ ಹೇಳಿದವರ ಎದುರು ನಾನೇನು ಹೇಳಲಿ? ಬರೆದುಕೊಟ್ಟೆ.

ಎಂಟು ದಿನಕ್ಕೆ ಆ ಬೀಗರೇ, ಗಂಡ ಹೆಂಡತಿ, ಕೌದಿ ಚೀಟಿ ಸಮೇತ ನಮ್ಮ ಅಂಗಡಿಗೆ ಬಂದರು. “ಮನ್ಯಾಗ ಮಂದಿ ಭಾಳ ಅದೀವ್ರಿ. ಈ ನಾಕೂವರಿ ಸಾವ್ರದ್ದು ಒಂದು ಇಟ್ಕೊಂಡು ಹದಿನೈದನೂರದ್ದು ಮೂರು ಕೊಡ್ರಿ.” ನಿಜ ಹೇಳಿದರೆ ಬೀಗತನ ಕೆಡುತ್ತದೆ, ಮೂರು ಕೊಟ್ಟರೆ ನಮ್ಮ ಅಂಗಡಿ ಕೆಡುತ್ತದೆ.

ಅತ್ತೆ ಹೊಲಿಯುತ್ತಲೇ ಹೇಳಿದರು. “ಮೂಲಿ ಮುಟ್ಟಿ ನೋಡವಾ. ಅದರ ಹೊಟ್ಟಿ ತುಂಬೇತಿ. ನಿಮ್ಮ ಬೀಗರ ಮನಿ ಚಪಾತಿ ಉಂಡ ಕೌದಿ ಅದು. ಅದನ್ನ ಮನಿಯಿಂದ ಹೊರಗ ಹಾಕಿದ್ರ ಬೀಗರನ್ನ ಹೊರಗ ಹಾಕಿದಂಗ. ಹಾಕ್ತೀರೇನು?”

ಹೆಂಡತಿ ಮೂಲೆ ಮುಟ್ಟಿ ನೋಡಿದರು, ಗಂಡನ ಮುಖ ನೋಡಿದರು, ಕೌದಿ ಮಡಚಿಕೊಂಡು ಹೋದರು. ಈ ಸುದ್ದಿ ಮಾಸ್ತರರಿಗೆ ಮುಟ್ಟಿರಬೇಕು, ಮರುದಿನವೇ ಬಂದರು. ಉಪಕಾರ ನೆನೆಯಲು ಬಂದರೇನೋ ಎಂದು ಕುರ್ಚಿ ಹಾಕಿದೆ.

“ಸಣ್ಣ ಮಗಳ ಬೀಗರಿಗೂ ಒಂದ ಬೇಕಾಗಿತ್ರಿ. ರೊಕ್ಕ ಅಷ್ಟ, ಹದಿನೆಂಟನೂರು. ಚೀಟಿ ಮಾತ್ರ ಆರು ಸಾವ್ರದ್ದು ಹಚ್ರಿ. ಇವರು ಜರಾ ದೊಡ್ಡ ಮಂದಿ.”

ನನ್ನ ಗುಟ್ಟಿನ ಗಿರಾಕಿ

ಶ್ರಾವಣ ಮುಗಿಯಿತು, ಗಣಪತಿ ಬಂದು ಹೋದ. ಎಂಟು ಸಾವಿರದ ಕೌದಿ ಗೋಡೆಯ ಮೇಲೆಯೇ ಇತ್ತು. ಅದರ ಫೋಟೊ ಹೊಡೆದುಕೊಂಡವರು ಎಷ್ಟೋ ಮಂದಿ, ಒಯ್ದವರು ಇಲ್ಲ. ಅತ್ತೆ ಪ್ರತಿ ಗಿರಾಕಿ ಹೋದ ಮೇಲೆ ಒಮ್ಮೆ ಗೋಡೆ ನೋಡುವರು. ಆ ನೋಟ ನನಗೆ ತಡೆಯಲಾಗಲಿಲ್ಲ. ಒಂದು ಕಳ್ಳ ಕೆಲಸ ಮಾಡಿದೆ.

ನಾನು ಕೂಡಿಟ್ಟಿದ್ದ ಎಂಟು ಸಾವಿರವನ್ನು ನನ್ನ ತಮ್ಮನ ಗೆಳೆಯನ ಕೈಗೆ ಕೊಟ್ಟೆ. ಅಂತೂರ ಬೆಂತೂರದಲ್ಲಿ ಒಕ್ಕಲುತನ ಮಾಡುವವನು, ಅತ್ತೆ ಅವನನ್ನು ನೋಡಿಲ್ಲ. “ಬರೋದು, ಚಲೋ ಐತಿ ಅನ್ನೋದು, ಎಂಟು ಸಾವ್ರ ಕೊಡೋದು, ಒಯ್ಯೋದು. ಮತ್ತೇನೂ ಮಾತಾಡಬ್ಯಾಡ” ಎಂದು ನಾಲ್ಕು ಸಲ ಹೇಳಿ ಕಳಿಸಿದೆ.

ಹೇಳಿದ ಹೊತ್ತಿಗೆ ಬಂದ. ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೆ.

“ಭಾಳ ಚಲೋ ಐತ್ರಿ. ಎಷ್ಟ್ರಿ ಅಮ್ಮಾರ?”

“ಎಂಟು ಸಾವ್ರ.”

ಇನ್ನು ಕಿಸೆಗೆ ಕೈ ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಕೇಳಿಸಿತು: “ಆರು ಮಾಡ್ಕೊಳ್ರಿ.”

ನನ್ನ ಕೈಯ ಸೌಟು ಕೆಳಗೆ ಬಿತ್ತು. ಓಡಿ ಬಂದು ಅತ್ತೆಯ ಬೆನ್ನ ಹಿಂದೆ ನಿಂತು ಕಣ್ಣು ಮಾಡಿದೆ, ಕೈ ಮಾಡಿದೆ, ತಲೆ ಬಡಿದುಕೊಂಡೆ. ಅವನಿಗೆ ಹುರುಪು ಬಂದುಬಿಟ್ಟಿತ್ತು. “ನೀವು ಸುಮ್ಮಕಿರ್ರಿ ಅಕ್ಕಾರ, ನಾ ಮಾತಾಡಾಕತ್ತೀನಿ. ಆರೂವರಿ! ನಗದಿ ಕೊಡ್ತೀನಿ!” ಏಳರ ತನಕ ಬಂದು ನಿಂತ. ಅತ್ತೆ ಎದ್ದು ಬಾಗಿಲು ತೋರಿಸಿದರು.

ಸಂಜೆ ಹಿತ್ತಲ ಬಾಗಿಲಿಗೆ ಬಂದು ರೊಕ್ಕ ವಾಪಸ್ ಕೊಟ್ಟ. “ತಪ್ಪಾತು ಅಕ್ಕಾ. ರೇಟ್ ಕಿವಿಗೆ ಬಿದ್ದ ಕೂಡ್ಲೆ ಬಾಯಿ ತಾನಾ ಹೊಂಟು ಬಿಡ್ತು. ಆದ್ರೂ ಇನ್ನೊಂದ ಅರ್ಧಾ ತಾಸು ಬಿಟ್ಟಿದ್ರ ನಿನಗ ಸಾವ್ರ ರೂಪಾಯಿ ಉಳಿಸಿ ಕೊಡ್ತಿದ್ದೆ.”

ಎಂಟು ಬಂತು

ದಸರೆಯ ಮರುವಾರ ಹುಬ್ಬಳ್ಳಿಯಿಂದ ಒಬ್ಬರು ಬಂದರು. ದೊಡ್ಡ ದೊಡ್ಡ ಹೋಟೆಲುಗಳ ಒಳಗೆ ಏನು ಎಲ್ಲಿ ಇಡಬೇಕು ಎಂದು ಹೇಳುವುದೇ ಅವರ ಉದ್ಯೋಗವಂತೆ. ಗೋಡೆ ನೋಡಿದರು, ಬೆಲೆ ಕೇಳಿದರು, ಐನೂರರ ಹದಿನಾರು ನೋಟು ಎಣಿಸಿ ಅತ್ತೆಯ ಮುಂದಿಟ್ಟರು. ಎರಡನೆಯ ಮಾತಿಲ್ಲ. ನನಗೆ ಅವರ ಕಾಲಿಗೆ ಬೀಳುವ ಹಾಗಾಯಿತು. ಒಳಗೆ ಹೋಗಿ ಅವರಿಗೆಂದು ಚಪಾತಿಯ ಚೂರನ್ನೂ ನಾನೇ ತಂದಿಟ್ಟೆ.

ಅತ್ತೆ ಸೂಜಿ ಕೈಗೆತ್ತಿಕೊಂಡು ಕೇಳಿದರು. “ಯಾರ ಹೊದಿಯವ್ರು ಯಪ್ಪಾ? ಸಣ್ಣ ಮಕ್ಕಳೋ, ದೊಡ್ಡವ್ರೋ?”

“ಹೊದಿಯಾಕ ಅಲ್ರಿ ಅಜ್ಜಿ. ಗಾಜಿನ ಫ್ರೇಮ್ ಹಾಕಿಸಿ ಹೋಟೆಲ್ ಗೋಡೆಗೆ ಹಾಕ್ತೀವಿ. ಮ್ಯಾಲಿಂದ ಒಂದು ಲೈಟ್ ಬಿಡ್ತೀವಿ. ಯಾರೂ ಮುಟ್ಟದಂಗ ನೋಡ್ಕೋತೀವಿ.”

ಅತ್ತೆ ಸೂಜಿ ಕೆಳಗಿಟ್ಟರು. “ಗಾಜಿನ ಪೆಟ್ಟಿಗ್ಯಾಗ ಮಲಗಸಾಕ ಅದೇನು ಸತ್ತೈತೇನು?” ಹದಿನಾರೂ ನೋಟನ್ನು ಅವರ ಕೈಗೆ ವಾಪಸ್ ಕೊಟ್ಟರು. ಅವರು ಹತ್ತು ಸಾವಿರ ಎಂದರು, ಅತ್ತೆಗೆ ಕಿವಿಯೇ ಕೇಳಿಸದಂತಾಯಿತು.

ಅವರು ಹೋದ ಮೇಲೆ ನಾನು ಮೊದಲ ಸಲ ಅತ್ತೆಯ ಮೇಲೆ ದನಿ ಎತ್ತಿದೆ. “ನೀವು ಹೇಳಿದ್ದ ಎಂಟು ಬಂದಿತ್ತಲ್ರಿ! ಇನ್ನೇನು ಬೇಕಾಗಿತ್ತು?”

“ಬಂದಿತ್ತು” ಎಂದರು ಅತ್ತೆ ತಣ್ಣಗೆ. “ಕೌದಿಗೆ ಬಂದಿದ್ದಿಲ್ಲ. ಗ್ವಾಡಿಗೆ ಬಂದಿತ್ತು.”

ಡೋಣಿಯಾಕಿ

ಪಾಡ್ಯಕ್ಕೆ ಎರಡು ದಿನ ಉಳಿದಿತ್ತು. ಅತ್ತೆ ಸೂಜಿಗಳಿಗೆ ಎಣ್ಣೆ ಸವರಿ ಡಬ್ಬಿಯಲ್ಲಿ ಜೋಡಿಸುತ್ತ ಕೂತಿದ್ದರು. ನೋಡಲಾರದೆ ನಾನು ಹೊರಗೆ ಮುಖ ಮಾಡಿದ್ದೆ. ಆಗ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕಾಣಿಸಿದರು. ಕಣ್ಣಿಗೆ ಕಪ್ಪು ಕನ್ನಡಕ, ಕಂಕುಳಲ್ಲಿ ಬಟ್ಟೆಯ ಚೀಲ. ಅತ್ತೆ ತಲೆಯೆತ್ತಿ ನೋಡಿದವರೇ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು.

“ಡೋಣಿಯಾಕಿ!” ಎಂದು ನನಗಷ್ಟೇ ಕೇಳುವಂತೆ ಹೇಳಿದರು.

ಮುಂಡರಗಿ ತಾಲ್ಲೂಕಿನ ಡೋಣಿಯಲ್ಲಿ ಕೌದಿ ಹೊಲಿಯುವವರು ಇವರು. ಇಬ್ಬರಿಗೂ ನಲವತ್ತು ವರ್ಷದ ಪೈಪೋಟಿ. ಅತ್ತೆ ಅವರ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನನ್ನ ಹೊಲಿಗೆ ಕೆಟ್ಟಾಗಲೆಲ್ಲ “ಡೋಣಿಯಾಕಿ ಹಂಗ ಹೊಲದೀ” ಎಂದು ಬೈಯುತ್ತಿದ್ದರು. ಆ ಕಡೆ ಅವರೂ ತಮ್ಮ ಸೊಸೆಯರನ್ನು “ಬೆಟಗೇರಿಯಾಕಿ ಹಂಗ” ಎಂದೇ ಬೈಯುತ್ತಿದ್ದರಂತೆ.

“ಆರಾಮೇನು?”

“ಆರಾಮ. ನೀ?”

“ಕಣ್ಣು ಆಪರೇಷನ್ ಆಗೈತಿ. ಸೂಜಿ ಕಾಣವಲ್ದು.” ಚಹಾ ತಂದೆ, ಮುಟ್ಟಲಿಲ್ಲ. “ಎಂಟು ಸಾವ್ರ ಅಂತ ಹಚ್ಚೀಯಂತಲ್ಲ, ಮುಂಡರಗಿ ಸಂತಿ ತುಂಬ ಅದಾ ಮಾತು. ಎಲ್ಲೈತಿ ಅದು?”

ದನಿಯಲ್ಲಿ ಸಿಟ್ಟಿತ್ತು. ಇಷ್ಟೊಂದು ರೇಟು ಹೇಳಿದ್ದಕ್ಕೆ ಜಗಳ ಆಡಲಿಕ್ಕೇ ಬಂದಿದ್ದಾರೆ ಎಂದು ಹೆದರುತ್ತಲೇ ಕೌದಿ ಇಳಿಸಿಕೊಟ್ಟೆ. ಬಾಗಿಲ ಬೆಳಕಿಗೆ ಒಯ್ದರು. ಎಲ್ಲರೂ ಮೇಲುಮಗ್ಗಲು ನೋಡಿದರೆ ಅವರು ಮೊದಲು ಹಿಂದಿನ ಮಗ್ಗಲು ತಿರುವಿದರು. ಕಪ್ಪು ಕನ್ನಡಕ ಹಣೆಗೇರಿಸಿ, ಹೆಬ್ಬೆರಳನ್ನು ಒಂದೊಂದು ಗೆರೆಯ ಮೇಲೂ ಈ ತುದಿಯಿಂದ ಆ ತುದಿಗೆ ಎಳೆದರು. ಅರ್ಧ ತಾಸು ಹೀಗೇ ಹೋಯಿತು. ಎಂಟು ತಿಂಗಳಲ್ಲಿ ಆ ಕೌದಿಯನ್ನು ಯಾರೂ ಹಾಗೆ ನೋಡಿರಲಿಲ್ಲ. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ಯಾವ ಗಿರಾಕಿಯ ಮುಖವನ್ನೂ ಅತ್ತೆ ಹಾಗೆ ನೋಡಿದ್ದು ನನಗೆ ನೆನಪಿಲ್ಲ.

“ಇಲ್ಲೊಂದು ಹೊಲಿಗಿ ಜಿಗದೈತಿ.”

“ಸೊಳ್ಳಿ ಕಡದಿತ್ತು.”

“ಹೂಂ.” ಕೌದಿಯನ್ನು ತೊಡೆಯ ಮೇಲೆ ಇಳಿಸಿಕೊಂಡರು. “ಎಂಟು ಸಾವ್ರ?”

“ಎಂಟು ಸಾವ್ರ. ಒಂದ ರೂಪಾಯಿ ಕಡಿಮಿ ಇಲ್ಲ.”

“ನಾಚಿಕಿ ಆಗಂಗಿಲ್ಲೇನ ನಿನಗ?”

ನಾನು ನಡುವೆ ಬಾಯಿ ಹಾಕಲು ಹೊರಟೆ. ಡೋಣಿಯಾಕೆ ನನಗೆ ಕೈ ಅಡ್ಡ ಮಾಡಿದರು. “ಇಂಥಾ ಕೆಲಸ ಮಾಡಿ ಬರೇ ಎಂಟು ಹೇಳ್ತೀಯಲ್ಲ! ನೀನಾ ಎಂಟಕ್ಕ ಮಾರಿದ್ರ ನಮ್ಮೂರ ಹೆಣಮಕ್ಕಳ ಕೈಯಾಗ ಯಾರ ಏನ ಇಡ್ತಾರ? ಎಲ್ಲಾರ ರೇಟೂ ಕೆಡಸ್ತೀ ನೀ. ಹನ್ನೆರಡು ಹೇಳು!”

“ನನ್ನ ಕೌದಿ, ನನ್ನ ರೇಟು. ಎಂಟು.”

“ಮೊಮ್ಮಗಳ ನಿಕಾಕ್ಕ ಒಯ್ಯಾಕ ಬಂದೀನಿ. ಎಂಟು ಸಾವ್ರದ ಕೌದಿ ಕೊಟ್ಟು ಗಂಡನ ಮನಿಗೆ ಕಳಸಲೇನು? ಹನ್ನೆರಡಕ್ಕ ಒಂದ ಪೈಸಾ ಕಡಿಮಿ ನಾ ಒಯ್ಯಂಗಿಲ್ಲ.”

“ಒಯ್ದ್ರ ಎಂಟಕ್ಕ ಒಯ್ಯಿ. ಇಲ್ಲಂದ್ರ ಬಿಡು.”

ಡೋಣಿಯಾಕೆ ಎದ್ದೇಬಿಟ್ಟರು. ರೇಟು ಇಳಿಸಲಿಲ್ಲ ಎಂದು ಮೆಟ್ಟಿಲು ಇಳಿಯುವವರನ್ನು ದಿನವೂ ನೋಡುತ್ತೇನೆ. ರೇಟು ಏರಿಸಲಿಲ್ಲ ಎಂದು ಮೆಟ್ಟಿಲು ಇಳಿದವರು ಅವರೊಬ್ಬರೇ. ಮೂರನೆಯ ಮೆಟ್ಟಿಲಿಗೆ ಅತ್ತೆ ಕೂಗಿದರು. “ಬಾ ಇಲ್ಲಿ. ಎಂಟೂವರಿ ಕೊಡು ಅತ್ಲಾಗ.”

“ಹನ್ನೊಂದೂವರಿ.”

“ದೂರದಿಂದ ಬಂದೀ ಅಂತ ಒಂಬತ್ತು. ಇದರ ಮ್ಯಾಲೆ ನನಗ ಗಿಟ್ಟಂಗಿಲ್ಲ.”

“ಹನ್ನೊಂದು. ನೀ ಹಳೇ ಪರಿಚಯ ಅಂತ ಇಳದೀನಿ, ಮತ್ತೊಬ್ಬರಿಗಾದ್ರ ಇಳೀತಿದ್ದಿಲ್ಲ.”

ಓಣಿಯ ಮಂದಿ ಸೇರಿದರು. ಕೊಳ್ಳುವವರು ಮೇಲಕ್ಕೆ ಎಳೆಯುತ್ತಿದ್ದರು, ಮಾರುವವರು ಕೆಳಕ್ಕೆ ಎಳೆಯುತ್ತಿದ್ದರು; ಯಾರು ಗೆಲ್ಲುತ್ತಿದ್ದಾರೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಪಕ್ಕದ ಮನೆಯ ಹಿರಿಯ ನೇಕಾರರು ನಡುವೆ ಬಂದು ಹತ್ತಕ್ಕೆ ಮುಗಿಸಿದರು. “ಮೋಸ ಮಾಡಿದಿ” ಎಂದರು ಅತ್ತೆ. “ನೀ ಮಾಡಿದಿ” ಎಂದರು ಡೋಣಿಯಾಕೆ.

ಆಮೇಲೆ ಚೀಲ ತೆರೆದು ಮೊದಲು ಒಂದು ಡಬ್ಬಿ ತೆಗೆದರು. ಅದರಲ್ಲಿ ಬೆಲ್ಲ ಹಾಕಿದ ಸಿಹಿ ಮಾದಲಿ. ಕೌದಿಯ ಹೊಟ್ಟೆ ತುಂಬಲು ಮನೆಯಿಂದಲೇ ಮಾಡಿಕೊಂಡು ಬಂದಿದ್ದರು. ಕೊಳ್ಳುವುದೆಂದು ಡೋಣಿಯಲ್ಲೇ ತೀರ್ಮಾನಿಸಿ ಬಸ್ ಹತ್ತಿದ್ದರೆಂದು ಆಗ ತಿಳಿಯಿತು. ನಂತರ ಸೊಂಟದ ಸಂಚಿ ಬಿಚ್ಚಿ ಎಲ್ಲವನ್ನೂ ನನ್ನ ಉಡಿಗೆ ಸುರಿದರು. ಎರಡು ಸಲ ಎಣಿಸಿದೆ.

“ಅಮ್ಮಾರ, ಇದು ಆರು ಸಾವ್ರದ ಎರಡನೂರು ಐತ್ರಿ.”

“ಹೌದು.”

“ಹತ್ತು ಅಂತ ಮಾತಾತಲ್ರಿ?”

ಏನೂ ತಿಳಿಯದ ಕೂಸನ್ನು ನೋಡುವ ಹಾಗೆ ನನ್ನನ್ನು ನೋಡಿದರು. “ಯವ್ವಾ, ನಾ ಅದರ ಬೆಲಿ ಹೇಳಿದೆ. ನನ್ನ ಕಡೆ ಎಷ್ಟೈತಿ ಅಂತ ಹೇಳಿದ್ನೇನು?”

ಓಣಿಯೆಲ್ಲ ನಕ್ಕಿತು. ನಾನು ಅತ್ತೆಯ ಮುಖ ನೋಡಿದೆ. ಅವರು ಆಗಲೇ ಡಬ್ಬಿಯಿಂದ ಸೂಜಿ ತೆಗೆದು ದಾರ ಪೋಣಿಸುತ್ತಿದ್ದರು. ಡೋಣಿಯಾಕೆ ಮಾದಲಿ ಇಟ್ಟು ಮೂಲೆ ಹಿಡಿದರು, ಅತ್ತೆ ಹೊಲಿದರು. ಎರಡು ಬಿಳಿತಲೆಗಳು ಒಂದೇ ಮೂಲೆಯ ಮೇಲೆ ಬಾಗಿದ್ದು ನೋಡಿ ನನ್ನ ಕಣ್ಣು ತುಂಬಿ ಬಂತು. ಹೊರಡುವಾಗ ಅತ್ತೆ ಇನ್ನೂರು ರೂಪಾಯಿ ವಾಪಸ್ ಕೊಟ್ಟು, ಮೊಮ್ಮಗಳಿಗೆ ಬಳೆ ಇಡಿಸು ಎಂದರು.

ಅವರನ್ನು ಬಸ್ ಹತ್ತಿಸಿ ಬರುವಷ್ಟರಲ್ಲಿ ಅತ್ತೆ ಹಳೆಯ ಸೀರೆಗಳ ಗಂಟು ಬಿಚ್ಚಿ ಹೊಸ ಕೌದಿಗೆ ಪದರು ಹಾಸುತ್ತಿದ್ದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

“ಅಲ್ರಿ ಅತ್ತಿ, ಎಂಟು ಸಾವ್ರ ಎಣಿಸಿ ಇಟ್ಟಾವರನ್ನ ಹೊರಗ ಕಳಿಸಿದ್ರಿ. ಈಗ ಆರಕ್ಕ ಕೊಟ್ಟು ಬಿಟ್ರಲ್ಲ?”

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಆರಕ್ಕ ಯಾರ ಕೊಟ್ಟಾರ? ಆಕಿ ಹತ್ತು ಸಾವ್ರಕ್ಕ ಒಯ್ದಾಳ. ರೊಕ್ಕ ಅಷ್ಟ ಕಡಿಮಿ ಇತ್ತು.”